ಹಳೆಯ ಮೋಟಾರಿಗೆ ಹೊಸ ಬಣ್ಣ

ಮೋಟಾರು ಕಾರಿನ ಬಣ್ಣವು ಕೇವಲ ಅಲಂಕಾರಕ್ಕಾಗಿ ಇರುವುದೆಂದು ತಿಳಿಯುವುದು ವಾಡಿಕೆ. ವಾಸ್ತವವಾಗಿ ಉಕ್ಕಿನ ತಗಡಿಗೂ ಹೊರಗಿನ ತೇವಕ್ಕೂ ನಡುವೆ ನಿಂತಿರುವ ಗೋಡೆ ಅದು. ಆ ಗೋಡೆಯ ದಪ್ಪವಾದರೋ ಸುಮಾರು ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು. ನಮ್ಮ ತಲೆಗೂದಲಿಗಿಂತ ತುಸು ಹೆಚ್ಚು, ಅಷ್ಟೆ. ಅಂಬಾಸಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು. ಪ್ರೀಮಿಯರ್ ಪದ್ಮಿನಿಯದು ಅದಕ್ಕೂ ಮೊದಲೇ ನಿಂತಿತ್ತು. ಅಂತಹ ಕಾರನ್ನು ಜೋಪಾನವಾಗಿ ಉಳಿಸಿಕೊಂಡವರಿಗೆ ತುಕ್ಕು ತಿಂದ ತಗಡಿನ ಬದಲು ಹೊಸದನ್ನು ಹುಡುಕುವುದು ಸುಲಭವಲ್ಲ. ಆದುದರಿಂದ ಹೊಸ ಬಣ್ಣ ಹೊಡೆಸುವ ಮೊದಲು ಬಣ್ಣದ ಜಾತಿಯನ್ನು ಅರಿತುಕೊಳ್ಳುವುದು ಲೇಸು.

ಯಾವ ಬಣ್ಣವನ್ನೇ ತೆಗೆದುಕೊಂಡರೂ ಅದರಲ್ಲಿ ಮುಖ್ಯವಾಗಿ ಮೂರು ಅಂಶಗಳಿರುತ್ತವೆ. ಕೆಂಪು, ನೀಲಿ ಮೊದಲಾದ ವರ್ಣವನ್ನು ಕೊಡುವ ನುಣ್ಣನೆಯ ಪುಡಿ ಒಂದು. ಆ ಪುಡಿಯನ್ನು ಹಿಡಿದು ತಗಡಿಗೆ ಅಂಟಿಸುವ ಬಂಧಕ ಇನ್ನೊಂದು. ಎರಡನ್ನೂ ತೆಳುವಾಗಿಸಿ ಗನ್ನಿನ ಮೂಲಕ ಸಿಂಪಡಿಸಲು ನೆರವಾಗುವ ದ್ರಾವಕ ಮೂರನೆಯದು; ಗ್ಯಾರೇಜಿನಲ್ಲಿ ಇದನ್ನೇ ಥಿನ್ನರ್ ಎನ್ನುತ್ತಾರೆ. ಬಣ್ಣಗಳೊಳಗಿನ ನಿಜವಾದ ಭೇದವಿರುವುದು ಬಂಧಕದಲ್ಲಿ. ಅದು ಹೇಗೆ ಗಟ್ಟಿಯಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ದೊರೆತರೆ ಉಳಿದ ಗುಣದೋಷಗಳೆಲ್ಲ ತಾವಾಗಿಯೇ ಸ್ಪಷ್ಟವಾಗುತ್ತವೆ.

ಮೋಟಾರು ಯುಗದ ಆರಂಭದಲ್ಲಿ ಕುದುರೆ ಸಾರೋಟಿಗೆ ಬಳಿಯುತ್ತಿದ್ದಂತೆ ಎಣ್ಣೆಬಣ್ಣವನ್ನೂ ವಾರ್ನಿಷನ್ನೂ ಕುಂಚದಿಂದ ಬಳಿಯುತ್ತಿದ್ದರು. ಪದರಗಳು ಒಂದೊಂದಾಗಿ ಒಣಗಲು ವಾರಗಟ್ಟಲೆ ಹಿಡಿಯುತ್ತಿತ್ತು. ಅಮೆರಿಕದ ಡ್ಯುಪಾಂಟ್ ಮತ್ತು ಜನರಲ್ ಮೋಟಾರ್ಸ್ ಕಂಪನಿಗಳು ಸಿದ್ಧಪಡಿಸಿದ ‘ಡ್ಯೂಕೋ’ ಎಂಬ ಬಣ್ಣವು 1924ರ ಮಾದರಿಯ ಓಕ್ಲೆಂಡ್ ಕಾರುಗಳ ಮೇಲೆ ಕಾಣಿಸಿಕೊಂಡಾಗ ಈ ಪರಿಸ್ಥಿತಿ ಬದಲಾಯಿತು. ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ಆ ಹೆಸರು ಎಷ್ಟು ಬೇರೂರಿತೆಂದರೆ, ನಮ್ಮ ಊರುಗಳಲ್ಲಿ ಇಂದಿಗೂ ಗನ್ನಿನಿಂದ ಹೊಡೆಯುವ ಹೊಳಪುಬಣ್ಣಕ್ಕೆ, ಅದು ಮರದ ಬೀರುವಿನ ಮೇಲಿದ್ದರೂ ಸಹ, ಡ್ಯೂಕೋ ಎಂದೇ ಹೇಳುವುದುಂಟು.

ಡ್ಯೂಕೋದ ಬಂಧಕ ನೈಟ್ರೋಸೆಲ್ಯುಲೋಸ್. ಹತ್ತಿಯ ನಾರನ್ನು ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿದರೆ ಇದು ದೊರೆಯುತ್ತದೆ. ಸಿಡಿಮದ್ದಾದ ಗನ್‌ಕಾಟನ್ ಇದರ ಹತ್ತಿರದ ಬಂಧು. ಈ ಬಣ್ಣ ಒಣಗುವಾಗ ಯಾವ ರಾಸಾಯನಿಕ ಕ್ರಿಯೆಯೂ ನಡೆಯುವುದಿಲ್ಲ. ನೀರು ಆರಿದಾಗ ಉಪ್ಪು ಉಳಿಯುವಂತೆ, ದ್ರಾವಕ ಆವಿಯಾಗಿ ಬಂಧಕ ಉಳಿಯುತ್ತದೆ. ಇದರಿಂದ ಎರಡು ಪರಿಣಾಮಗಳುಂಟು. ಬಣ್ಣ ಕೆಲವೇ ನಿಮಿಷಗಳಲ್ಲಿ ಆರುವುದರಿಂದ ಧೂಳು ಕೂರಲು ಹೆಚ್ಚು ಅವಕಾಶವಿಲ್ಲ. ಗೀಚು ಬಿದ್ದ ಜಾಗಕ್ಕೆ ಮತ್ತೆ ಹೊಡೆದರೆ ಹೊಸ ಪದರ ಹಳೆಯದನ್ನು ಕರಗಿಸಿಕೊಂಡು ಒಂದಾಗುತ್ತದೆ. ಆದರೆ ಥಿನ್ನರ್ ಅಥವಾ ಪೆಟ್ರೋಲು ಚೆಲ್ಲಿದರೆ ಒಣಗಿದ ಬಣ್ಣವೂ ಕೆಡಬಹುದು. ಬಿಸಿಲಿಗೆ ವರ್ಷಗಳು ಕಳೆದಂತೆ ಮಂಕಾಗುತ್ತದೆ, ಸೀಳುತ್ತದೆ.

ಎರಡನೆಯದು ಸಿಂಥೆಟಿಕ್ ಎನಾಮಲ್. ಇದು 1930ರ ದಶಕದಲ್ಲಿ ಬಳಕೆಗೆ ಬಂದಿತು. ಇದರ ಬಂಧಕ ಆಲ್ಕಿಡ್ ಎಂಬ ರಾಳ. ಮೊದಲು ದ್ರಾವಕ ಆವಿಯಾಗುತ್ತದೆ. ಆಮೇಲೆ ರಾಳದ ಅಣುಗಳು ಗಾಳಿಯ ಆಮ್ಲಜನಕವನ್ನು ಹೀರಿ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಇದು ನಿಧಾನದ ಕ್ರಿಯೆ. ಮುಟ್ಟಿದರೆ ಅಂಟದಂತಾಗಲು ಗಂಟೆಗಳೂ, ಪೂರ್ತಿ ಗಟ್ಟಿಯಾಗಲು ವಾರಗಳೂ ಬೇಕು. ಬೆಲೆ ಕಡಿಮೆ, ಉಜ್ಜದೆಯೇ ಹೊಳಪು ಬರುತ್ತದೆ. ಆದರೆ ಧೂಳಿನ ಕಾಟ ಹೆಚ್ಚು.

ಮೂರನೆಯದು ಎರಡು ಡಬ್ಬಿಗಳ ಬಣ್ಣ. ನಮ್ಮ ಪೈಂಟರುಗಳು ಇದನ್ನು ‘ಪಿ.ಯು.’ ಎನ್ನುತ್ತಾರೆ, ಪಾಲಿಯುರಿಥೇನ್ ಎಂಬುದರ ಹ್ರಸ್ವರೂಪವಿದು. ಈ ರಸಾಯನದ ಮೂಲ 1937ರಲ್ಲಿ ಜರ್ಮನಿಯ ಆಟೋ ಬೇಯರ್ ನಡೆಸಿದ ಸಂಶೋಧನೆಯಲ್ಲಿದೆ. ಒಂದು ಡಬ್ಬಿಯಲ್ಲಿ ಬಣ್ಣ ಸೇರಿದ ರಾಳವೂ, ಇನ್ನೊಂದರಲ್ಲಿ ಐಸೊಸಯನೇಟ್ ಇರುವ ಹಾರ್ಡನರೂ ಇರುತ್ತವೆ. ಎರಡನ್ನೂ ಬೆರೆಸಿದ ಕ್ಷಣದಿಂದ ಅಣುಗಳು ಬೆಸೆಯತೊಡಗಿ, ಕೊನೆಗೆ ಇಡೀ ಪದರ ಒಂದೇ ಬಲೆಯಂತಾಗುತ್ತದೆ. ಒಮ್ಮೆ ಗಟ್ಟಿಯಾದ ಮೇಲೆ ಪೆಟ್ರೋಲಿಗೂ ಬಿಸಿಲಿಗೂ ಅದು ಸುಲಭವಾಗಿ ಬಗ್ಗದು. ಮೂರರಲ್ಲಿ ಅತ್ಯಂತ ಬಾಳಿಕೆಯದು ಇದೇ.

ಇನ್ನು ಹೊಳಪಿನ ವಿಚಾರ. ಬೆಳಕು ಬಣ್ಣದ ಮೇಲ್ಮೈಗೆ ನೇರವಾಗಿ ಬಿದ್ದಾಗ ಅದರಲ್ಲಿ ಸುಮಾರು ನೂರಕ್ಕೆ 4 ಪಾಲು ಮಾತ್ರ ಅಲ್ಲಿಯೇ ಪ್ರತಿಫಲಿಸುತ್ತದೆ. ಈ ಅಲ್ಪಭಾಗವೇ ಕನ್ನಡಿಯಂತಹ ಹೊಳಪಿಗೆ ಕಾರಣ. ಕಾಣುವ ಬೆಳಕಿನ ಅಲೆಯುದ್ದ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಮೇಲ್ಮೈಯ ಏರುತಗ್ಗುಗಳು ಇದಕ್ಕಿಂತ ಬಹಳ ಚಿಕ್ಕವಾಗಿದ್ದರೆ ಪ್ರತಿಬಿಂಬ ನಿಚ್ಚಳವಾಗಿರುತ್ತದೆ. ಇಲ್ಲವಾದರೆ ಬೆಳಕು ಚೆದರಿ ಮಬ್ಬು ಕಾಣುತ್ತದೆ. ಸೆಲ್ಯುಲೋಸ್ ಬಣ್ಣವನ್ನು ಹಲವು ಪದರ ಹೊಡೆದು, ನೀರು ಹಾಕಿ ಎಮರಿ ಕಾಗದದಿಂದ ತಿಕ್ಕಿ, ಕಾಂಪೌಂಡಿನಿಂದ ಮೆರುಗು ಕೊಡುವುದರ ಮರ್ಮವಿದು. ಹಳೆಯ ಕಾರುಗಳ ಆ ಮೃದುವಾದ ಕಾಂತಿ ಕೈಕೆಲಸದಿಂದ ಬಂದದ್ದು.

ಮಳೆಗಾಲದಲ್ಲಿ ಸೆಲ್ಯುಲೋಸ್ ಬಣ್ಣ ಹಾಲಿನಂತೆ ಬೆಳ್ಳಗಾಗುವುದನ್ನು ಪೈಂಟರುಗಳು ಬಲ್ಲರು. ಇದಕ್ಕೂ ಕಾರಣ ಸರಳವಾದುದೇ. ದ್ರಾವಕ ಆವಿಯಾಗುವಾಗ ತನಗೆ ಬೇಕಾದ ಶಾಖವನ್ನು ಬಣ್ಣದ ಪದರದಿಂದಲೇ ಎಳೆದುಕೊಳ್ಳುತ್ತದೆ, ಪದರ ತಂಪಾಗುತ್ತದೆ. ಗಾಳಿಯ ಉಷ್ಣತೆ 25 ಡಿಗ್ರಿ ಸೆಂಟಿಗ್ರೇಡ್, ಆರ್ದ್ರತೆ ನೂರಕ್ಕೆ 50 ಇದ್ದರೆ, ಪದರವು ಸುಮಾರು 14 ಡಿಗ್ರಿಗೆ ಇಳಿಯುವವರೆಗೆ ಇಬ್ಬನಿ ಕಟ್ಟದು. ಆರ್ದ್ರತೆ ನೂರಕ್ಕೆ 80 ಆದರೋ 21 ಡಿಗ್ರಿಯ ಹೊತ್ತಿಗೇ ಇಬ್ಬನಿ ಮೂಡುತ್ತದೆ. ಆ ಸೂಕ್ಷ್ಮ ಹನಿಗಳು ಬಣ್ಣದಲ್ಲಿ ಸಿಕ್ಕಿ ಬೆಳಕನ್ನು ಚೆದರಿಸುತ್ತವೆ. ಮಂಗಳೂರಿನ ಆಷಾಢದಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದೇ ಮೇಲು. ಅನಿವಾರ್ಯವಾದರೆ ನಿಧಾನವಾಗಿ ಆವಿಯಾಗುವ ಥಿನ್ನರನ್ನು ಬಳಸಬೇಕು.

ಹೊಸ ಬಣ್ಣವನ್ನು ಆರಿಸುವಾಗ ಕೆಳಗಿರುವ ಹಳೆಯ ಬಣ್ಣವನ್ನು ಮರೆಯುವಂತಿಲ್ಲ. ಸೆಲ್ಯುಲೋಸಿನ ಥಿನ್ನರ್ ತೀಕ್ಷ್ಣವಾದದ್ದು. ಸಿಂಥೆಟಿಕ್ ಎನಾಮಲಿನ ಮೇಲೆ ಅದು ಬಿದ್ದರೆ ಕೆಳಗಿನ ಪದರ ಉಬ್ಬಿ ಸುಕ್ಕುಗಟ್ಟುತ್ತದೆ; ಮಾಡಿದ ಕೆಲಸವೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೇಯ್ದಂತೆ. ಹಳೆಯ ಬಣ್ಣದ ಜಾತಿಯನ್ನು ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ. ಹೊರಮೈಯ ಬಣ್ಣವೇ ಇರುವ, ಆದರೆ ಎದ್ದು ಕಾಣದ ಒಂದು ಎಡೆಯಲ್ಲಿ, ಥಿನ್ನರಿನಲ್ಲಿ ಅದ್ದಿದ ಬಿಳಿಯ ಬಟ್ಟೆಯಿಂದ ಉಜ್ಜಿನೋಡಬೇಕು. ಬಣ್ಣ ಕರಗಿ ಬಟ್ಟೆಗೆ ಹತ್ತಿದರೆ ಅದು ಸೆಲ್ಯುಲೋಸ್ ಅಥವಾ ಅದೇ ರೀತಿ ಆರುವ ಬಣ್ಣ. ಉಬ್ಬಿ ಸುಕ್ಕಾದರೆ ಎನಾಮಲ್. ಏನೂ ಆಗದಿದ್ದರೆ ಎರಡು ಡಬ್ಬಿಯದು, ಅಥವಾ ಕಾರ್ಖಾನೆಯ ಒಲೆಯಲ್ಲಿ ಬೆಂದದ್ದು. ಸಂದೇಹ ಉಳಿದರೆ ತಗಡಿನವರೆಗೆ ಕೆರೆದು, ತುಕ್ಕು ತೆಗೆದು, ಎಪಾಕ್ಸಿ ಪ್ರೈಮರಿನಿಂದ ಆರಂಭಿಸುವುದು ಕ್ಷೇಮ. ಹಳೆಯ ಬಣ್ಣಗಳಲ್ಲಿ ಸೀಸದ ಲವಣಗಳಿರುವ ಸಂಭವವುಂಟು. ಆದಕಾರಣ ಒಣಗಿದ್ದಂತೆಯೇ ಉಜ್ಜಿ ಪುಡಿಯೆಬ್ಬಿಸದೆ, ನೀರು ಹಾಕಿ ಉಜ್ಜಬೇಕು.

ಬಾಳಿಕೆಯೊಂದನ್ನೇ ನೋಡಿದರೆ ಪಿ.ಯು. ಬಣ್ಣಕ್ಕೆ ಸಾಟಿಯಿಲ್ಲ. ಆದರೆ ಅದರ ಬೆಲೆಯನ್ನು ಹಣದಿಂದ ಮಾತ್ರ ಅಳೆಯಲಾಗದು. ಸಿಂಪಡಿಸುವಾಗ ಏಳುವ ಮಂಜಿನಲ್ಲಿ ಐಸೊಸಯನೇಟ್ ಇರುತ್ತದೆ. ಅದನ್ನು ಉಸಿರಾಡಿದವರಿಗೆ ಆಸ್ತಮಾ ಅಂಟಿಕೊಳ್ಳಬಹುದು. ಒಮ್ಮೆ ಶರೀರ ಅದಕ್ಕೆ ಪ್ರತಿಕೂಲವಾಯಿತೆಂದರೆ, ಮುಂದೆ ಅತ್ಯಲ್ಪ ಪ್ರಮಾಣವೂ ಉಬ್ಬಸವನ್ನು ತರುತ್ತದೆ. ಮೂಗಿಗೆ ವಾಸನೆ ತಿಳಿಯುವ ಮೊದಲೇ ಹಾನಿ ಆಗಿಹೋಗಿರಬಹುದು. ಮೂಗಿಗೆ ಕಟ್ಟಿದ ಕರವಸ್ತ್ರ ಇಲ್ಲಿ ನಿಷ್ಪ್ರಯೋಜಕ; ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯ ಮೂಲಕ ಒದಗಿಸುವ ಮುಖವಾಡವೂ, ಗಾಳಿಯನ್ನು ಸೆಳೆದು ಹೊರಹಾಕುವ ಪ್ರತ್ಯೇಕ ಕೋಣೆಯೂ ಬೇಕು. ಸೆಲ್ಯುಲೋಸಿನ ಆವಿಯೂ ನಿರಪಾಯವಲ್ಲ. ಒಂದು ಕಿಡಿ ಸಾಕು, ಅದು ಹೊತ್ತಿಕೊಳ್ಳುತ್ತದೆ. ದ್ರಾವಕಗಳ ಆವಿ ವಾಯುವನ್ನು ಕೆಡಿಸುವುದರಿಂದ ಯೂರೋಪಿನ ಒಕ್ಕೂಟವು 2004ರ ಶಾಸನದಿಂದ ಇಂತಹ ಬಣ್ಣಗಳಿಗೆ ಮಿತಿ ಹಾಕಿತು. ಐತಿಹಾಸಿಕ ಮೌಲ್ಯವುಳ್ಳ ವಾಹನಗಳ ದುರಸ್ತಿಗೆಂದು ಅಲ್ಪ ಪ್ರಮಾಣದ ಮಾರಾಟಕ್ಕೆ ಪರವಾನಗಿ ಕೊಡಲು ಅದೇ ಶಾಸನದಲ್ಲಿ ಎಡೆಯಿದೆ.

ಹಾಗಾದರೆ ಯಾವುದನ್ನು ಆರಿಸಬೇಕು? ಕಾರು ಹುಟ್ಟಿದ ಕಾಲದ ಕಾಂತಿಯೇ ಬೇಕು, ವಾಹನ ಬಹುತೇಕ ನೆರಳಿನಲ್ಲಿರುತ್ತದೆ, ಉಜ್ಜಲು ತಾಳ್ಮೆಯಿದೆ ಎಂಬುವರಿಗೆ ಸೆಲ್ಯುಲೋಸ್ ಒಪ್ಪುತ್ತದೆ. ದಿನವೂ ಬಿಸಿಲು ಮಳೆಯಲ್ಲಿ ಓಡಾಡುವ ಕಾರಿಗೆ ಪಿ.ಯು. ತಕ್ಕದ್ದು; ಆದರೆ ತಕ್ಕ ಸಲಕರಣೆಯುಳ್ಳ ಕಾರ್ಖಾನೆಯಲ್ಲಿ ಮಾತ್ರ ಅದನ್ನು ಹೊಡೆಸಬೇಕು. ಕೈಯಲ್ಲಿ ಹಣ ಕಡಿಮೆ, ಕಾಯಲು ಸಮಯವಿದೆ ಎಂದಾದರೆ ಎನಾಮಲ್ ಸಾಕು. ಗ್ಯಾರೇಜಿನವನಿಗೆ ಬಣ್ಣದ ದರವನ್ನು ಕೇಳುವಾಗ, ಗನ್ ಹಿಡಿಯುವ ಕೆಲಸಗಾರನ ಮುಖಕ್ಕೆ ಏನು ರಕ್ಷಣೆಯಿದೆಯೆಂದೂ ಒಂದು ಮಾತು ಕೇಳುವುದು ನ್ಯಾಯ. ಕಾರಿನ ಮೇಲಿನ ಹೊಳಪಿಗೆ ಮತ್ತೊಬ್ಬರ ಉಸಿರು ಬೆಲೆಯಾಗಬಾರದು.