ಡೇಟಾಬೇಸ್ ಸ್ಥಳಾಂತರ: ಟ್ರಯಲ್ ಬ್ಯಾಲೆನ್ಸ್ ಕೂಡಿದರಷ್ಟೇ ಸಾಲದು

1970ರಲ್ಲಿ ಐಬಿಎಂ ಸಂಸ್ಥೆಯ ಇ.ಎಫ್. ಕಾಡ್ ಪ್ರತಿಪಾದಿಸಿದ ರಿಲೇಷನಲ್ ಪದ್ಧತಿಯಲ್ಲಿ ಮಾಹಿತಿಯನ್ನು ಕೋಷ್ಟಕಗಳಲ್ಲಿ ಇರಿಸಲಾಗುತ್ತದೆ. ಗ್ರಾಹಕರಿಗೆ ಒಂದು ಕೋಷ್ಟಕ, ಬಿಲ್ಲುಗಳಿಗೆ ಇನ್ನೊಂದು, ಬಿಲ್ಲಿನ ಬಾಬುಗಳಿಗೆ ಮತ್ತೊಂದು. ಗ್ರಾಹಕ ಸಂಖ್ಯೆ ಹಾಗೂ ಬಿಲ್ ಸಂಖ್ಯೆಗಳು ಇವನ್ನು ಜೋಡಿಸುತ್ತವೆ. ಆಬ್ಜೆಕ್ಟ್ ಪದ್ಧತಿಯಲ್ಲಿ ಬಿಲ್ಲು ತನ್ನ ಬಾಬುಗಳೊಡನೆ ಒಂದೇ ಘಟಕವಾಗಿ ಉಳಿದು, ಗ್ರಾಹಕನ ಘಟಕಕ್ಕೆ ನೇರವಾಗಿ ಕೊಂಡಿ ಹೊಂದಿರುತ್ತದೆ.

ಯಂತ್ರದೊಳಗೆ ಉಪಜೋಡಣೆ, ಅದರೊಳಗೆ ಬಿಡಿಭಾಗ ಎಂಬಂತೆ ಹಲವು ಹಂತಗಳ ವಿವರವಿಡುವ ತಯಾರಕರಿಗೆ ಎರಡನೆಯ ಪದ್ಧತಿ ಅನುಕೂಲಕರ. ಕೇವಲ ಖಾತೆ, ದಾಸ್ತಾನು ಹಾಗೂ ತೆರಿಗೆ ಪಟ್ಟಿಗಳನ್ನು ಇಡುವ ವರ್ತಕರಿಗೆ ಕೋಷ್ಟಕಗಳೇ ಸಾಕು. ಆಬ್ಜೆಕ್ಟ್ ಡೇಟಾಬೇಸ್‌ಗಳಿಗೆ ಸಮಾನ ಮಾನದಂಡ ರೂಪಿಸಿದ ಒಡಿಎಂಜಿ ಮಂಡಳಿಯು 2001ರಲ್ಲಿ ವಿಸರ್ಜನೆಗೊಂಡಿತು. ಆದ್ದರಿಂದ ಒಬ್ಬನೇ ಮಾರಾಟಗಾರನಿಗೆ ಕಟ್ಟುಬೀಳುವ ಸಂಭವವನ್ನೂ ಗಮನಿಸಬೇಕು.

ಸ್ಥಳಾಂತರದಲ್ಲಿ ಮೊತ್ತಗಳಿಗಿಂತ ಕೊಂಡಿಗಳು ತಪ್ಪುವ ಅಪಾಯವೇ ಹೆಚ್ಚು. ಒಬ್ಬ ಗ್ರಾಹಕನ 40,000 ರೂಪಾಯಿ ಬಾಕಿ ಮತ್ತೊಬ್ಬನ ಖಾತೆಗೆ ಸೇರಿದರೂ ಟ್ರಯಲ್ ಬ್ಯಾಲೆನ್ಸ್ ಕೂಡುತ್ತದೆ. ವಸೂಲಿಗೆ ಹೋದಾಗಲೇ ದೋಷ ತಿಳಿಯುತ್ತದೆ. ಆದುದರಿಂದ ಹಳೆಯ ಮತ್ತು ಹೊಸ ವ್ಯವಸ್ಥೆಗಳ ನಡುವೆ ಈ ಕೆಳಗಿನವುಗಳನ್ನು ತಾಳೆ ನೋಡುವುದು ಅವಶ್ಯ:

1. ವೋಚರುಗಳ ಒಟ್ಟು ಸಂಖ್ಯೆ ಮತ್ತು ಮೊತ್ತ
2. ಪ್ರತಿ ಗ್ರಾಹಕನ ಬಿಲ್ಲುವಾರು ಬಾಕಿ
3. ಪ್ರತಿ ಸರಕಿನ ಪರಿಮಾಣ ಮತ್ತು ಮೌಲ್ಯ
4. ತಿಂಗಳುವಾರು ತೆರಿಗೆ ಮೊತ್ತ

ತಾಳೆಯಾದ ಮೇಲೂ ಹಳೆಯ ದತ್ತಾಂಶವನ್ನು ಅಳಿಸಲಾಗದು. 2013ರ ಕಂಪನಿ ಕಾಯಿದೆಯ 128ನೇ ಕಲಮಿನಂತೆ ಕಂಪನಿಗಳು ಲೆಕ್ಕಪುಸ್ತಕಗಳನ್ನು 8 ಹಣಕಾಸು ವರ್ಷ ಕಾಯ್ದಿಡಬೇಕು. ಜಿಎಸ್‌ಟಿ ನೋಂದಾಯಿತರು ವಾರ್ಷಿಕ ರಿಟರ್ನ್ ಸಲ್ಲಿಕೆಯ ಕಡೆಯ ದಿನದಿಂದ 72 ತಿಂಗಳು ಕಾಯ್ದಿಡಬೇಕು. ಹಳೆಯ ದತ್ತಾಂಶದೊಡನೆ ಅದನ್ನು ತೆರೆದು ಓದಬಲ್ಲ ತಂತ್ರಾಂಶವನ್ನೂ ಉಳಿಸಿಕೊಳ್ಳುವುದು ಕ್ಷೇಮಕರ.