ಔಟ್‌ಬೋರ್ಡ್ ಎಂಜಿನ್ನಿನ ಕಾರ್ಬ್ಯುರೇಟರ್: ಮೊದಲ ಸಲ ಬಿಚ್ಚುವವರಿಗೆ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯ ಯಾಂತ್ರೀಕೃತ ಬೋಟುಗಳೆಲ್ಲ ದಡ ಸೇರಿರುತ್ತವೆ. ನಾಡದೋಣಿಗಳಿಗೆ ಅದೇ ದುಡಿಮೆಯ ಕಾಲ. ಚಿಕ್ಕ ಔಟ್‌ಬೋರ್ಡ್ ಎಂಜಿನ್ ಕಟ್ಟಿಕೊಂಡು ಅಳಿವೆ ದಾಟುವಾಗ, ಎದುರಿಗೆ ಅಲೆ ಏಳುತ್ತಿರುವ ಹೊತ್ತಿನಲ್ಲಿ ಹ್ಯಾಂಡಲ್ ತಿರುಪಿದರೆ ಎಂಜಿನ್ ತಕ್ಷಣ ಓಗೊಡಬೇಕು. ಅಲ್ಲಿ ಅದು ಮುಗ್ಗರಿಸಿ ನಿಂತರೆ ದೋಣಿ ಅಲೆಗೆ ಅಡ್ಡ ತಿರುಗುತ್ತದೆ, ಜೀವಕ್ಕೇ ಅಪಾಯ. ಹಾಗಾಗಿ ಕಾರ್ಬ್ಯುರೇಟರ್ ಬಿಚ್ಚಿ ಸರಿಪಡಿಸುವ ಕೆಲಸ ಮೇ ತಿಂಗಳಲ್ಲೇ ಮುಗಿಯಬೇಕು. ಮೆಕ್ಯಾನಿಕ್ ಸಿಗದಿದ್ದರೆ ಇದನ್ನು ನಾವೇ ಮಾಡಬಹುದು. ದುಬಾರಿ ಹತಾರವೇನೂ ಬೇಡ. ಅವಸರವಿಲ್ಲದ ಒಂದು ದಿನ, ಒಂದು ನೋಟ್‌ಬುಕ್ಕು ಮತ್ತು ಆ ಮಾದರಿಯ ಸರ್ವಿಸ್ ಮ್ಯಾನುಯಲ್ ಸಾಕು.

ಒಳಗೆ ನಡೆಯುವುದು ಇಷ್ಟು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೇರಿದಾಗ ಹೊರಗಿನ ಗಾಳಿ ಕಾರ್ಬ್ಯುರೇಟರಿನ ಕೊಳವೆಯೊಳಗೆ ನುಗ್ಗುತ್ತದೆ. ಕೊಳವೆ ಕಿರಿದಾದ ಕಡೆ ಗಾಳಿಯ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ. ಡೇನಿಯಲ್ ಬರ್ನೂಲಿ 1738ರಲ್ಲಿ ಪ್ರಕಟಿಸಿದ ತತ್ವ ಇದು. ಕೆಳಗಿನ ಬಟ್ಟಲಿನಲ್ಲಿ ನಿಂತ ಪೆಟ್ರೋಲನ್ನು ವಾತಾವರಣದ ಒತ್ತಡ ಜೆಟ್ಟಿನ ಮೂಲಕ ಮೇಲಕ್ಕೆ ತಳ್ಳುತ್ತದೆ, ಅದು ತುಂತುರಾಗಿ ಗಾಳಿಯಲ್ಲಿ ಬೆರೆಯುತ್ತದೆ. ಬಟ್ಟಲು ತುಂಬಿದಾಗ ಫ್ಲೋಟ್ ತೇಲಿ ನೀಡಲನ್ನು ಮೇಲಕ್ಕೆ ಒತ್ತಿ ಪೆಟ್ರೋಲ್ ದಾರಿ ಮುಚ್ಚುತ್ತದೆ, ಇಳಿದಾಗ ತೆರೆಯುತ್ತದೆ. ನಿಧಾನ ಓಟಕ್ಕೆ ಪೈಲಟ್ ಜೆಟ್, ವೇಗಕ್ಕೆ ಮೇನ್ ಜೆಟ್. ಪೈಲಟ್ ಜೆಟ್ಟಿನ ತೂತು ಅರ್ಧ ಮಿಲಿಮೀಟರಿನ ಆಸುಪಾಸಿನದು. ಹಳೆಯ ಪೆಟ್ರೋಲ್ ಆವಿಯಾಗಿ ಉಳಿಸಿಹೋಗುವ ಅಂಟು ಮೊದಲು ಕಟ್ಟುವುದು ಇದನ್ನೇ.

ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಈ ಕಟ್ಟಿಕೊಳ್ಳುವಿಕೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಪೆಟ್ರೋಲಿಗೆ ಬೆರೆಸಿದ ಆಯಿಲೇ ಪಿಸ್ಟನ್ನಿಗೂ ಬೇರಿಂಗುಗಳಿಗೂ ಜಿಡ್ಡು. ಮೇನ್ ಜೆಟ್ ಅರ್ಧ ಕಟ್ಟಿದರೆ ಪೆಟ್ರೋಲಿನ ಜೊತೆಗೆ ಆಯಿಲೂ ಅರ್ಧವೇ ಸಿಗುತ್ತದೆ, ಶಾಖವೂ ಏರುತ್ತದೆ. ಎಳೆತ ಸ್ವಲ್ಪ ಕಡಿಮೆಯಾಗಿದೆ ಎಂದುಕೊಂಡು ಪೂರ್ತಿ ವೇಗದಲ್ಲಿ ಓಡಿಸುತ್ತಲೇ ಇದ್ದರೆ ಪಿಸ್ಟನ್ ಜಾಮ್ ಆಗುತ್ತದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಇದೆ. ಅದು ನೀರನ್ನು ಹೀರಿಕೊಳ್ಳುವ ವಸ್ತು. ನೀರು ಮಿತಿಮೀರಿದಾಗ ಎಥೆನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ, ಎಂಜಿನ್ ಎಳೆದುಕೊಳ್ಳುವುದು ತಳದ್ದನ್ನು. ಮಳೆಗಾಲದ ಕಡಲತೀರದಲ್ಲಿ ಅರ್ಧ ತುಂಬಿದ ಟ್ಯಾಂಕನ್ನು ತಿಂಗಳುಗಟ್ಟಲೆ ಇಡಬಾರದು ಎನ್ನುವುದು ಇದಕ್ಕೇ.

ಬಿಚ್ಚುವ ಮೊದಲು ತಪ್ಪು ನಿಜಕ್ಕೂ ಕಾರ್ಬ್ಯುರೇಟರಿನದೇ ಎಂದು ಖಚಿತಪಡಿಸಿಕೊಳ್ಳಿ. ಪ್ಲಗ್ಗಿನಲ್ಲಿ ಕಿಡಿ ಸರಿಯಾಗಿದೆಯೇ ನೋಡಿ. ವೇಗದಲ್ಲಿ ಎಂಜಿನ್ ಸೋಲುತ್ತಿರುವಾಗ ಪೆಟ್ರೋಲ್ ಪೈಪಿನ ರಬ್ಬರ್ ಬಲ್ಬನ್ನು ಹಿಸುಕಿದರೆ ಚೇತರಿಸಿಕೊಳ್ಳುತ್ತದೆಯೇ? ಹಾಗಾದರೆ ಮೊದಲು ಫ್ಯುಯೆಲ್ ಪಂಪಿನ ಡಯಾಫ್ರಮ್, ಫಿಲ್ಟರ್ ಮತ್ತು ಪೈಪನ್ನು ನೋಡಬೇಕು. ಬಲ್ಬ್ ಹಿಸುಕಿದರೂ ಬದಲಾಗದೆ, ಚೋಕ್ ಸ್ವಲ್ಪ ಎಳೆದಾಗ ಮಾತ್ರ ಎಂಜಿನ್ ಗೆಲುವಾದರೆ ಜೆಟ್ ಕಟ್ಟಿರುವ ಸಂಭವ ಹೆಚ್ಚು. ವೇಗದಲ್ಲಿ ಚೆನ್ನಾಗಿ ಓಡಿ ನಿಧಾನಕ್ಕೆ ಬಂದಾಗ ನಿಂತುಹೋಗುವ ಎಂಜಿನ್ ಪೈಲಟ್ ಜೆಟ್ಟಿನ ಕಡೆಗೆ ಬೆರಳು ತೋರಿಸುತ್ತದೆ.

ಕೆಲಸ ಬಯಲಿನಲ್ಲಿರಲಿ, ಬೆಂಕಿ ದೂರವಿರಲಿ. ಪ್ಲಗ್ಗಿನ ವೈರ್ ತೆಗೆದಿಡಿ. ಲಿಂಕ್, ಸ್ಪ್ರಿಂಗ್, ಪೈಪು ಯಾವುದು ಎಲ್ಲಿಗೆ ಎಂಬುದನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಜಪಾನಿನ ಎಂಜಿನ್ನುಗಳ ಸ್ಕ್ರೂ ತಲೆಗಳು ಜೆಐಎಸ್ ಅಳತೆಯವು. ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರ್ ಜಾರಿ ತಲೆ ಸವೆಸುತ್ತದೆ. ಉಪ್ಪುನೀರಿಗೆ ಕಚ್ಚಿಕೊಂಡ ಸ್ಕ್ರೂಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ನಿಧಾನ ಓಟವನ್ನು ಹದಗೊಳಿಸುವ ಪೈಲಟ್ ಸ್ಕ್ರೂವನ್ನು ತೆಗೆಯುವ ಮುನ್ನ ಮೆಲ್ಲಗೆ ಒಳಕ್ಕೆ ತಿರುಗಿಸಿ, ತಳ ಮುಟ್ಟುವವರೆಗೆ ಎಷ್ಟು ಸುತ್ತು ಎಂದು ಎಣಿಸಿ ಬರೆದುಕೊಳ್ಳಿ. ತಳ ಮುಟ್ಟಿದ ಮೇಲೂ ಬಿಗಿದರೆ ಅದರ ಮೊನೆ ಕೆಟ್ಟು, ನಿಧಾನ ಓಟ ಮತ್ತೆಂದೂ ಸರಿಹೋಗುವುದಿಲ್ಲ. ಎರಡು ಮೂರು ಕಾರ್ಬ್ಯುರೇಟರುಗಳಿರುವ ಎಂಜಿನ್ನಾದರೆ ಒಂದನ್ನು ಪೂರ್ತಿ ಮುಗಿಸಿಯೇ ಇನ್ನೊಂದಕ್ಕೆ ಕೈ ಹಾಕಿ. ಕೆಲವು ಎಂಜಿನ್ನುಗಳಲ್ಲಿ ಮೇಲಿನ ಜೆಟ್ಟಿನ ಅಳತೆಯೇ ಬೇರೆ, ಕೆಳಗಿನದ್ದೇ ಬೇರೆ.

ಶುಚಿ ಮಾಡುವಲ್ಲಿ ಮೊದಲ ಸಲದವರು ಮೋಸಹೋಗುವುದು ಹೊಳಪು ನೋಡಿ. ಬಟ್ಟಲು ಫಳಫಳ ಹೊಳೆದರೂ ಒಳದಾರಿ ಕಟ್ಟಿಯೇ ಇರಬಹುದು. ರಬ್ಬರ್ ಮತ್ತು ಪ್ಲಾಸ್ಟಿಕ್ ಭಾಗಗಳನ್ನೆಲ್ಲ ತೆಗೆದ ಮೇಲೆ, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಕಾರ್ಬ್ ಕ್ಲೀನರ್ ಸ್ಪ್ರೇಯನ್ನು ಒಂದೊಂದೇ ತೂತಿಗೆ ಹೊಡೆಯಿರಿ. ಅದು ಇನ್ನೊಂದು ಕಡೆಯಿಂದ ಹೊರಬಂದದ್ದನ್ನು ಕಣ್ಣಾರೆ ಕಾಣಬೇಕು. ಹ್ಯಾಂಡಲ್ ತಿರುಪಿದಾಗ ತೆರೆಯುವ ಥ್ರಾಟಲ್ ತಟ್ಟೆಯ ಅಂಚಿನಲ್ಲಿ ಸೂಜಿಮೊನೆಯಷ್ಟಿರುವ ಪುಟ್ಟ ತೂತುಗಳ ಸಾಲೊಂದಿದೆ. ನಿಧಾನದಿಂದ ವೇಗಕ್ಕೆ ಹೋಗುವಾಗ ಎಂಜಿನ್ನನ್ನು ನಡೆಸುವುದು ಅವೇ. ಅಳಿವೆಯಲ್ಲಿ ಕೈಕೊಡುವುದೂ ಅವೇ. ಅವುಗಳಲ್ಲಿ ಒಂದರಿಂದ ಸ್ಪ್ರೇ ಬರದಿದ್ದರೂ ಕೆಲಸ ಮುಗಿದಿಲ್ಲ. ನೆನೆಸಿಟ್ಟು, ಕಂಪ್ರೆಸರ್ ಗಾಳಿ ಹೊಡೆದು, ಮತ್ತೆ ನೋಡಿ. ಜೆಟ್ಟುಗಳನ್ನು ಬಿಸಿಲಿಗೆ ಹಿಡಿದರೆ ತೂತು ಪೂರ್ತಿ ದುಂಡಗೆ ಕಾಣಬೇಕು. ಒಳಗೆ ಉಕ್ಕಿನ ತಂತಿಯನ್ನಾಗಲಿ ಡ್ರಿಲ್ ಬಿಟ್ಟನ್ನಾಗಲಿ ಹಾಕಲೇಬೇಡಿ. ಹಿತ್ತಾಳೆ ಮೆದು, ಒಂದು ಗೀರು ಬಿದ್ದರೆ ಜೆಟ್ಟಿನ ಅಳತೆಯೇ ಬದಲಾಗುತ್ತದೆ. ವೈರಿನೊಳಗಿನ ತಾಮ್ರದ ಒಂದೆಳೆ ಸಾಕು.

ರಿಪೇರಿ ಕಿಟ್ಟಿನಲ್ಲಿ ಗ್ಯಾಸ್ಕೆಟ್, ಓ ರಿಂಗ್, ಹೊಸ ನೀಡಲ್ ಸಿಗುತ್ತವೆ. ಹಳೆಯ ಪ್ಯಾಕಿಂಗ್ ಚೆನ್ನಾಗಿದೆ ಎಂದು ಉಳಿಸಿಕೊಳ್ಳಬೇಡಿ. ನೀಡಲಿನ ಮೊನೆಯ ಸುತ್ತ ಗೆರೆ ಕೊರೆದಿದ್ದರೆ ಅದು ಪೂರ್ತಿ ಮುಚ್ಚುವುದಿಲ್ಲ, ಪೆಟ್ರೋಲ್ ಉಕ್ಕುತ್ತದೆ. ಫ್ಲೋಟನ್ನು ಕಿವಿಯ ಹತ್ತಿರ ಅಲುಗಿಸಿ. ಒಳಗೆ ಪೆಟ್ರೋಲ್ ಕುಲುಕಿದರೆ ಬದಲಿಸಿ. ಜೋಡಿಸುವಾಗ ಕಾರ್ಬ್ಯುರೇಟರನ್ನು ತಲೆಕೆಳಗೆ ಹಿಡಿದು ಫ್ಲೋಟಿನ ಎತ್ತರ ಅಳೆದು ಮ್ಯಾನುಯಲ್ಲಿನ ಲೆಕ್ಕಕ್ಕೆ ತನ್ನಿ. ಪೈಲಟ್ ಸ್ಕ್ರೂ ಬರೆದಿಟ್ಟ ಸುತ್ತಿಗೆ ಬರಲಿ. ಒಂದಕ್ಕಿಂತ ಹೆಚ್ಚು ಕಾರ್ಬ್ಯುರೇಟರ್ ಇದ್ದರೆ ಹ್ಯಾಂಡಲ್ ತಿರುಪಿದಾಗ ಥ್ರಾಟಲ್ ತಟ್ಟೆಗಳೆಲ್ಲ ಒಟ್ಟಿಗೇ ತೆರೆಯುತ್ತವೆಯೇ ನೋಡಿ.

ಔಟ್‌ಬೋರ್ಡನ್ನು ಒಣಗಿದ್ದಂತೆಯೇ ಚಾಲೂ ಮಾಡಬಾರದು, ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ ಕೆಲವೇ ಕ್ಷಣಗಳಲ್ಲಿ ಹಾಳಾಗುತ್ತದೆ. ಮೊದಲ ಪರೀಕ್ಷೆ ಡ್ರಮ್ಮಿನ ನೀರಿನಲ್ಲಿ. ಬಲ್ಬ್ ಹಿಸುಕಿ, ಎಲ್ಲೂ ಪೆಟ್ರೋಲ್ ಸೋರದಿದ್ದರೆ ಮಾತ್ರ ಹಗ್ಗ ಎಳೆಯಿರಿ. ಎಂಜಿನ್ ಬಿಸಿಯಾದ ಮೇಲೆ ಪೈಲಟ್ ಸ್ಕ್ರೂವನ್ನು ಚೂರು ಚೂರೇ ತಿರುಗಿಸಿ ನಿಧಾನ ಓಟ ಹದಕ್ಕೆ ತನ್ನಿ. ಕೊನೆಯ ಹೊಂದಾಣಿಕೆ ಹೊಳೆಯಲ್ಲಿ, ಗೇರ್ ಹಾಕಿದ ಸ್ಥಿತಿಯಲ್ಲೇ ಆಗಬೇಕು. ದಡದ ಹತ್ತಿರವೇ ವೇಗವಾಗಿ ಓಡಿಸಿ ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡಿ: ಕಂದು ಬಣ್ಣವಿದ್ದರೆ ಸರಿ, ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಇನ್ನೂ ಸಾಲುತ್ತಿಲ್ಲ ಎಂದರ್ಥ. ಅಂಥ ಎಂಜಿನ್ ಕಟ್ಟಿಕೊಂಡು ಕಡಲಿಗೆ ಹೋಗಬೇಡಿ.

ಸೀಮೆಎಣ್ಣೆಯಲ್ಲಿ ಓಡುವ ಎಂಜಿನ್ನಾದರೆ ನಿಲ್ಲಿಸುವ ಮುಂಚೆ ಪೆಟ್ರೋಲಿಗೆ ಬದಲಿಸಿ ಸ್ವಲ್ಪ ಹೊತ್ತು ಓಡಿಸಬೇಕು. ಬಟ್ಟಲಿನಲ್ಲಿ ಸೀಮೆಎಣ್ಣೆ ಉಳಿದರೆ ತಣ್ಣಗಿನ ಎಂಜಿನ್ ಮರುದಿನ ಬೆಳಗ್ಗೆ ಹೊತ್ತಿಕೊಳ್ಳುವುದು ಕಷ್ಟ. ವಾರಗಟ್ಟಲೆ ನಿಲ್ಲಿಸುವುದಿದ್ದರೆ ಬಟ್ಟಲಿನ ತಳದ ಡ್ರೇನ್ ಸ್ಕ್ರೂ ಬಿಚ್ಚಿ ಇಂಧನವನ್ನು ಡಬ್ಬಕ್ಕೆ ಇಳಿಸಿ. ಆ ಡಬ್ಬವನ್ನು ಹೊಳೆಗೆ ಸುರಿಯಬೇಡಿ.