ಲೋಣಾವಳಾ ಬಂಗಲೆಯಲ್ಲಿ ಕ್ಯಾಸಿನೊ ಪಾಠ: ಹುಣಸೆಬೀಜ ಇಟ್ಟು ಆಡಿ, ಲೆಕ್ಕ ಕಲಿಯಿರಿ



ಶನಿವಾರ ಬಂತೆಂದರೆ ಮುಂಬಯಿಯಿಂದಲೂ ಪುಣೆಯಿಂದಲೂ ಕಾರುಗಳು ಎಕ್ಸ್‌ಪ್ರೆಸ್‌ವೇ ಹಿಡಿದು ಲೋಣಾವಳಾದತ್ತ ಓಡುತ್ತವೆ. ಮಳೆಗಾಲದಲ್ಲಂತೂ ಭುಶಿ ಅಣೆಕಟ್ಟಿನ ಬಳಿ ಕಾಲಿಡಲು ಜಾಗವಿರುವುದಿಲ್ಲ. ನೆನೆದು ಬಂದವರು ಬಾಡಿಗೆ ಬಂಗಲೆಯಲ್ಲಿ ಬಿಸಿ ಬಿಸಿ ಭಜಿ, ಚಹಾ ಮುಗಿಸಿದ ಮೇಲೆ ಇಸ್ಪೀಟಿನ ಕಟ್ಟು ಹೊರಬರುವುದು ವಾಡಿಕೆ. ಮೊದಲೆಲ್ಲ ರಮ್ಮಿಯೇ ರಾಜ. ಈಗ 'ಕ್ಯಾಸಿನೊ ನೈಟ್' ಎಂಬ ಮೋಜೂ ಸೇರಿಕೊಂಡಿದೆ. ಹಸಿರು ಬಟ್ಟೆಯ ಮೇಜು, ಬಣ್ಣಬಣ್ಣದ ಚಿಪ್ಸ್, ತಿರುಗುವ ಚಕ್ರ. ಆಟ ಗೊತ್ತಿರುವವರು ಗುಂಪಿನಲ್ಲಿ ಒಬ್ಬರೋ ಇಬ್ಬರೋ. ಉಳಿದವರಿಗೆ ಕೇಳಲು ಸಂಕೋಚ, ಸುಮ್ಮನಿರಲು ಬೇಸರ. ಅಂಥ ಹೊಸಬರಿಗಾಗಿ ಈ ಬಾರಿಯ ಬರಹ.

ಮೊದಲು ಕಾನೂನಿನ ಮಾತು

ಲೋಣಾವಳಾದಲ್ಲಿ ಕ್ಯಾಸಿನೊ ಇಲ್ಲ. ಮಹಾರಾಷ್ಟ್ರದಲ್ಲೇ ಎಲ್ಲೂ ಇಲ್ಲ. 1976ರಲ್ಲಿ ರಾಜ್ಯ ಒಂದು ಕ್ಯಾಸಿನೊ ಕಾನೂನು ಮಾಡಿತ್ತು. ಆದರೆ ಅದು ಒಂದು ದಿನವೂ ಜಾರಿಗೆ ಬರಲಿಲ್ಲ. ಕಾಗದದ ಮೇಲೆ 47 ವರ್ಷ ಮಲಗಿದ್ದ ಅದನ್ನು 2023ರಲ್ಲಿ ರದ್ದುಪಡಿಸಲಾಯಿತು. ಇಲ್ಲಿ ಇಂದಿಗೂ ನಡೆಯುವುದು 1887ರ ಜೂಜು ತಡೆ ಕಾನೂನು. ಲಾಭಕ್ಕಾಗಿ ಜೂಜಿನ ಅಡ್ಡೆ ನಡೆಸುವವನಷ್ಟೇ ಅಲ್ಲ, ಅಲ್ಲಿ ಆಡುತ್ತ ಸಿಕ್ಕಿಬಿದ್ದವನೂ ತಪ್ಪಿತಸ್ಥ. ಆದ್ದರಿಂದ "ಪ್ರವೇಶಕ್ಕೆ ಇಷ್ಟು, ಚಿಪ್ಸ್‌ಗೆ ಇಷ್ಟು, ಕೊನೆಗೆ ನಗದು ವಾಪಸ್" ಎಂದು ಯಾರಾದರೂ ಬಂಗಲೆಗೆ ಕರೆದರೆ, ಅದು ಪಾರ್ಟಿಯಲ್ಲ ಎಂದು ತಿಳಿಯಿರಿ.

ಹಣವಿಲ್ಲದೆ ಆಡಿದರೆ ಈ ತಂಟೆ ಇಲ್ಲ. ಚಿಪ್ಸ್ ಬದಲಿಗೆ ತಲೆಗೆ 50 ಹುಣಸೆಬೀಜ ಹಂಚಿಕೊಳ್ಳಿ. ಅಳಗುಳಿಮಣೆ ಆಡಿದ ಅಜ್ಜಿಯರಿಗೆ ಇದೇನೂ ಹೊಸದಲ್ಲ. ಕೊನೆಯಲ್ಲಿ ಹೆಚ್ಚು ಬೀಜ ಉಳಿಸಿಕೊಂಡವರಿಗೆ ಒಂದು ಡಬ್ಬಿ ಲೋಣಾವಳಾ ಚಿಕ್ಕಿ!

ಅಂದರ್ ಬಾಹರ್: ನಮಗೆ ಗೊತ್ತಿರುವ ಹೆಸರು

ಊರಿನ ಪತ್ರಿಕೆ ಓದುವವರಿಗೆ ಈ ಹೆಸರು ಚಿರಪರಿಚಿತ. ಜಾತ್ರೆಯಲ್ಲೋ ತೋಟದಲ್ಲೋ ಪೊಲೀಸರು ದಾಳಿ ಮಾಡಿದ ಸುದ್ದಿಯಲ್ಲಿ ಇದು ಇದ್ದೇ ಇರುತ್ತದೆ. ಗೋವಾದ ಕ್ಯಾಸಿನೊಗಳಲ್ಲೂ ಇದಕ್ಕೆ ಮೇಜಿದೆ. ಆಟ ಬಲು ಸುಲಭ. ಡೀಲರ್ ಒಂದು ಎಲೆ ತೆರೆದಿಡುತ್ತಾನೆ, ಉದಾಹರಣೆಗೆ ಎಂಟು. ಆಮೇಲೆ ಒಳಗೆ ಒಂದು, ಹೊರಗೆ ಒಂದು ಎಂದು ಎಲೆ ಹಾಕುತ್ತ ಹೋಗುತ್ತಾನೆ. ಇನ್ನೊಂದು ಎಂಟು ಯಾವ ಕಡೆ ಬಿತ್ತೋ ಆ ಕಡೆಯವರು ಗೆದ್ದಂತೆ.

ಎರಡು ಕಡೆಗೂ ಸಮಾನ ಅವಕಾಶ ಎನಿಸುತ್ತದೆ, ಅಲ್ಲವೇ? ಇಲ್ಲ. ಮೊದಲ ಎಲೆ ಬೀಳುವ ಕಡೆಗೆ ಒಂದು ಹೆಜ್ಜೆ ಮುಂಚೂಣಿ ಸಿಗುತ್ತದೆ. ಸಾವಿರ ಆಟದಲ್ಲಿ ಆ ಕಡೆ ಸುಮಾರು 515 ಸಲ, ಇನ್ನೊಂದು ಕಡೆ 485 ಸಲ ಗೆಲ್ಲುತ್ತದೆ. ಈಗ ಕ್ಯಾಸಿನೊದ ಜಾಣತನ ನೋಡಿ. ಮೊದಲ ಎಲೆ ಅಂದರ್‌ಗೆ ಹಾಕುವ ಮೇಜಿನಲ್ಲಿ ಸಾಮಾನ್ಯವಾಗಿ ಅಂದರ್ ಗೆದ್ದರೆ ನೂರಕ್ಕೆ 90 ರೂಪಾಯಿ, ಬಾಹರ್ ಗೆದ್ದರೆ ನೂರಕ್ಕೆ ನೂರು. ನೂರರಂತೆ ಸಾವಿರ ಸಲ ಅಂದರ್‌ಗೆ ಕಟ್ಟಿದರೆ ಬರುವುದು 46,350, ಹೋಗುವುದು 48,500. ಬಾಹರ್‌ಗೆ ಕಟ್ಟಿದರೆ ಬರುವುದು 48,500, ಹೋಗುವುದು 51,500. ಯಾವ ಕಡೆ ಕಟ್ಟಿದರೂ ಮೇಜಿನ ಒಡೆಯನಿಗೆ ಅವನ ಪಾಲು ಬಂದೇ ಬರುತ್ತದೆ. ಮೋಸವಿಲ್ಲ, ಕೈಚಳಕವಿಲ್ಲ, ಬರೀ ಗಣಿತ.

ರೂಲೆಟ್: 37 ಮನೆಗಳ ಚಕ್ರ

ಯುರೋಪಿನ ಮಾದರಿಯ ಚಕ್ರದಲ್ಲಿ 0ಯಿಂದ 36ರವರೆಗೆ 37 ಮನೆಗಳು. 18 ಕೆಂಪು, 18 ಕಪ್ಪು, ಸೊನ್ನೆ ಮಾತ್ರ ಹಸಿರು. ಗೋಲಿ ಯಾವ ಮನೆಯಲ್ಲಿ ನಿಲ್ಲುತ್ತದೆ ಎಂದು ಊಹಿಸಿ ಪಣ ಇಡಬೇಕು. ಬಣ್ಣಕ್ಕೆ, ಸರಿ-ಬೆಸಕ್ಕೆ ಇಟ್ಟು ಗೆದ್ದರೆ ಒಂದಕ್ಕೆ ಒಂದು; ಒಂಟಿ ಸಂಖ್ಯೆಗೆ ಇಟ್ಟು ಗೆದ್ದರೆ ಒಂದಕ್ಕೆ 35.

ಒಂದು ಪ್ರಯೋಗ ಮಾಡಿ. 37 ಮನೆಗಳಲ್ಲೂ ಒಂದೊಂದು ಹುಣಸೆಬೀಜ ಇಡಿ. ಗೆಲುವು ಖಚಿತ! ಆದರೆ ಕೈಗೆ ಬರುವುದು ಗೆದ್ದ 35 ಮತ್ತು ಇಟ್ಟ 1, ಒಟ್ಟು 36. ಇಟ್ಟಿದ್ದು 37. ಆ ಒಂದು ಬೀಜವೇ ಕ್ಯಾಸಿನೊದ ಸಂಪಾದನೆ, ಅಂದರೆ ನೂರಕ್ಕೆ 2.7. ಅಮೆರಿಕದ ಮಾದರಿಯ ಚಕ್ರದಲ್ಲಿ ಎರಡು ಸೊನ್ನೆಯ ಮನೆಯೂ ಇರುವುದರಿಂದ ಅದು ನೂರಕ್ಕೆ 5.26 ಆಗುತ್ತದೆ. ಕುಳಿತುಕೊಳ್ಳುವ ಮೊದಲು ಚಕ್ರದಲ್ಲಿ ಎಷ್ಟು ಹಸಿರು ಮನೆಗಳಿವೆ ಎಂದು ಎಣಿಸಿ.

"ಆರು ಸಲ ಕಪ್ಪು ಬಂತು, ಈಗ ಕೆಂಪು ಬರಲೇಬೇಕು" ಎನ್ನುವವರು ಪ್ರತಿ ಮೇಜಿನಲ್ಲೂ ಇರುತ್ತಾರೆ. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೊ ಕ್ಯಾಸಿನೊದಲ್ಲಿ ಸತತ 26 ಸಲ ಕಪ್ಪೇ ಬಂತು. ಕೆಂಪು ಬರಲೇಬೇಕೆಂದು ಪಣ ಏರಿಸುತ್ತ ಹೋದವರು ಬರಿಗೈಯಾದರು. ಗೋಲಿಗೆ ನೆನಪಿಲ್ಲ ಸ್ವಾಮಿ!

ಬ್ಲ್ಯಾಕ್‌ಜ್ಯಾಕ್: 21ರ ಆಟ

ಇಲ್ಲಿ ಮಾತ್ರ ನಿಮ್ಮ ತಲೆಗೆ ಸ್ವಲ್ಪ ಕೆಲಸವಿದೆ. ರಾಜ, ರಾಣಿ, ಗುಲಾಮ ಹತ್ತು ಹತ್ತು. ಎಕ್ಕ ಒಂದೂ ಹೌದು, ಹನ್ನೊಂದೂ ಹೌದು. ಎರಡೆರಡು ಎಲೆಯಿಂದ ಶುರು. ಡೀಲರನ ಒಂದು ಎಲೆ ಕಾಣುತ್ತದೆ. 21 ದಾಟದೆ ಡೀಲರನಿಗಿಂತ ಮುಂದಿರಬೇಕು. ದಾಟಿದರೆ ಸೋಲು. ಡೀಲರನಿಗೆ ಸ್ವಂತ ಬುದ್ಧಿ ಓಡಿಸುವ ಹಕ್ಕಿಲ್ಲ. 17 ಆಗುವವರೆಗೆ ಅವನು ಎಲೆ ಎಳೆಯಲೇಬೇಕು.

ಹೊಸಬರಿಗೆ ಇಷ್ಟು ಸಾಕು:

- 11 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಧೈರ್ಯವಾಗಿ ಎಲೆ ಕೇಳಿ.
- ಎಕ್ಕವಿಲ್ಲದೆ 17 ಅಥವಾ ಹೆಚ್ಚಾದರೆ ನಿಲ್ಲಿ.
- 13ರಿಂದ 16ರ ನಡುವೆ ಇದ್ದು ಡೀಲರನ ಎಲೆ 2ರಿಂದ 6 ಆಗಿದ್ದರೆ ನಿಲ್ಲಿ. 7 ಅಥವಾ ಮೇಲಿದ್ದರೆ ಕೇಳಿ.
- 'ಇನ್ಶೂರೆನ್ಸ್' ಬೇಕೇ ಎಂದರೆ ಬೇಡ ಎನ್ನಿ.

ಇಲ್ಲಿ ಕ್ಯಾಸಿನೊಗೆ ಲಾಭ ಎಲ್ಲಿಂದ? ನೀವು ಮೊದಲು ಆಡುತ್ತೀರಿ. ನೀವು 21 ದಾಟಿದರೆ ನಿಮ್ಮ ಪಣ ಆಗಲೇ ಹೋಯಿತು. ಆಮೇಲೆ ಡೀಲರ್ ದಾಟಿದರೂ ಅದು ವಾಪಸ್ ಬರುವುದಿಲ್ಲ. ಒಳ್ಳೆಯ ನಿಯಮಗಳ ಮೇಜಿನಲ್ಲಿ ಪೂರ್ತಿ ತಂತ್ರ ಕಲಿತು ಆಡಿದರೆ ಕ್ಯಾಸಿನೊದ ಪಾಲು ನೂರಕ್ಕೆ ಅರ್ಧದ ಆಸುಪಾಸಿಗೆ ಇಳಿಯುತ್ತದೆ. ಇಳಿಯುತ್ತದೆ ಅಷ್ಟೇ, ಹೋಗುವುದಿಲ್ಲ.

ಮಾಂಡೋವಿಯ ಹಡಗು ಹತ್ತುವ ಮುನ್ನ

ಬಂಗಲೆಯಲ್ಲಿ ಕಲಿತದ್ದನ್ನು ಗೋವಾದಲ್ಲಿ ಪರೀಕ್ಷಿಸೋಣ ಎಂಬ ಆಸೆ ಸಹಜ. ಅಲ್ಲಿ ಕ್ಯಾಸಿನೊ ಕಾನೂನುಬದ್ಧ; ಡೀಲರ್ ನಿಂತು ಆಡಿಸುವ ಮೇಜಿನ ಆಟಗಳಿಗೆ ಹಡಗಿನಲ್ಲಿ ಅನುಮತಿ. 21 ವರ್ಷ ತುಂಬದವರಿಗೆ ಪ್ರವೇಶವಿಲ್ಲ. ಹೊರಡುವ ಮೊದಲು ಒಂದು ಲೆಕ್ಕ ಹಾಕಿ. ರೂಲೆಟ್‌ನಲ್ಲಿ ಸುತ್ತಿಗೆ 500 ರೂಪಾಯಿ, ಗಂಟೆಗೆ 40 ಸುತ್ತು ಎಂದಿಟ್ಟುಕೊಳ್ಳಿ. ನೀವು ತಂದದ್ದು ಐದು ಸಾವಿರವೇ ಇರಬಹುದು. ಆದರೆ ಗೆದ್ದದ್ದೂ ತಿರುಗಿ ಮೇಜಿಗೇ ಹೋಗುವುದರಿಂದ ಗಂಟೆಗೆ ಒಟ್ಟು ಪಣ 20,000 ಆಗುತ್ತದೆ. ಅದರಲ್ಲಿ ಕ್ಯಾಸಿನೊದ ಸರಾಸರಿ ಪಾಲು 540 ರೂಪಾಯಿ. ಆಟ ಉದ್ದವಾದಷ್ಟೂ ಆ ಪಾಲು ಬೆಳೆಯುತ್ತದೆ. ಕ್ಯಾಸಿನೊ ಬೇಗ ಎದ್ದು ಹೋಗುವವರಿಗೆ ಹೆದರುತ್ತದೆಯೇ ಹೊರತು ಗೆಲ್ಲುವವರಿಗಲ್ಲ.

ತೆರಿಗೆಯೂ ಇದೆ. ಚಿಪ್ಸ್ ಕೊಳ್ಳುವ ಹಣದ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ನೂರಕ್ಕೆ 40. ಗೆದ್ದ ಹಣಕ್ಕೆ ನೂರಕ್ಕೆ 30 ಆದಾಯ ತೆರಿಗೆ. ಸೋತದ್ದನ್ನು ಅದರಲ್ಲಿ ಕಳೆಯುವಂತಿಲ್ಲ. ಮೊಬೈಲಿನಲ್ಲಿ ಹಣ ಕಟ್ಟಿ ಕಲಿಯೋಣ ಎನ್ನುವವರಿಗೂ ಒಂದು ಮಾತು: ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಮಾಡಿದೆ.

ಹೋಗುವುದೇ ಆದರೆ ಸಿನಿಮಾ ಟಿಕೆಟ್‌ನಂತೆ ಖರ್ಚಾಗಿ ಹೋದ ಹಣ ಎಂದುಕೊಂಡಷ್ಟನ್ನೇ ಜೇಬಿನಲ್ಲಿಡಿ. ಎಟಿಎಂ ಕಾರ್ಡು ಕೋಣೆಯಲ್ಲೇ ಇರಲಿ. ಏಳುವ ಸಮಯವನ್ನು ಕೂರುವ ಮೊದಲೇ ನಿಶ್ಚಯಿಸಿ. "ಹೋದದ್ದನ್ನು ವಾಪಸ್ ತರುತ್ತೇನೆ" ಎಂಬ ಮಾತು ಬಾಯಿಗೆ ಬಂದ ಕ್ಷಣವೇ ಎದ್ದುಬಿಡಿ. ಧರ್ಮರಾಯ ಒಂದು ಪಣಕ್ಕೆ ರಾಜ್ಯ ಕಳೆದುಕೊಂಡವನಲ್ಲ. ಮುಂದಿನ ಪಣ, ಅದರ ಮುಂದಿನ ಪಣ ಎನ್ನುತ್ತ ಕಳೆದುಕೊಂಡವನು.

ಮನೆಯಲ್ಲಿ ಯಾರಿಗಾದರೂ ಆಟ ಬಿಡಲಾಗುತ್ತಿಲ್ಲ, ಸಾಲ ಮುಚ್ಚಿಡುತ್ತಿದ್ದಾರೆ ಎನಿಸಿದರೆ ಬೈಯುವುದರಿಂದ ಪ್ರಯೋಜನವಿಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೂ ಮಾತನಾಡಬಹುದು.

ಮುಂದಿನ ವಾರಾಂತ್ಯಕ್ಕೆ ಘಾಟಿ ಹತ್ತುವವರು ಇಸ್ಪೀಟಿನ ಕಟ್ಟಿನ ಜೊತೆ ಒಂದು ಹಿಡಿ ಹುಣಸೆಬೀಜವನ್ನೂ ಚೀಲಕ್ಕೆ ಹಾಕಿಕೊಳ್ಳಿ. ಅಂದರ್ ಬಾಹರ್ ಇಪ್ಪತ್ತು ಸುತ್ತು ಆಡಿ, ಯಾವ ಕಡೆ ಎಷ್ಟು ಸಲ ಬಿತ್ತು ಎಂದು ಬರೆದಿಡಿ. ಚಿಕ್ಕಿ ಡಬ್ಬಿ ಯಾರ ಪಾಲಾಯಿತು ಎಂಬುದನ್ನೂ ನಮಗೆ ಬರೆದು ತಿಳಿಸಿ.